ಅಂಬಾಸಿಡರ್ ಇನ್ನೂ ಇರುವ ಮನೆಗಳಿಗೆ

ನಮ್ಮ ನಾಡಿನ ಅನೇಕ ಮನೆಗಳ ಅಂಗಳದಲ್ಲಿ, ಹುಣಸೆಯ ಮರದ ನೆರಳಿನಲ್ಲಿಯೋ ತಗಡಿನ ಛಾವಣಿಯ ಅಡಿಯಲ್ಲಿಯೋ, ಅಂಬಾಸಿಡರ್ ಕಾರೊಂದು ಇಂದಿಗೂ ನಿಂತಿರುವುದುಂಟು. ಹಿರಿಯರು ಕೊಂಡದ್ದು, ಮದುವೆ ಮುಂಜಿಗಳ ದಿಬ್ಬಣ ಹೊತ್ತದ್ದು. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಇಂತಹ ಮನೆಗಳ ಬಂಧುಗಳಿಗಾಗಿಯೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ಯಂತ್ರಶಾಸ್ತ್ರದಲ್ಲಿ ನಾವು ಪಂಡಿತರಲ್ಲ. ಆದರೆ ನಮ್ಮ ಅಣ್ಣನವರು 1996ರಲ್ಲಿ ಕೈಬದಲಾಗಿ ಕೊಂಡ, 1984ರಲ್ಲಿ ನೋಂದಣಿಯಾದ ಮಾರ್ಕ್ 4 ಪೆಟ್ರೋಲ್ ಕಾರು 2011ರಲ್ಲಿ ಅವರ ನಿಧನಾನಂತರ ನಮ್ಮ ಪಾಲಿಗೆ ಬಂದಿತು. ಅಂದಿನಿಂದ ಅದರ ಖರ್ಚಿನ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದೇವೆ. ಇಲ್ಲಿಯ ಅಂಕಿಗಳು ಆ ವಹಿಯವು, ಊರೂರಿಗೆ ಹೆಚ್ಚುಕಡಿಮೆಯಾಗಬಹುದು.

ಮೂಲತಃ ಇದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಇಷ್ಟು ದೀರ್ಘಕಾಲ ಹೆಚ್ಚು ಬದಲಾಗದೆ ನಡೆದುಬಂದದ್ದರಿಂದಲೇ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ತಿರುಗಿದರೆ ಬಹುಪಾಲು ಸಿಗುತ್ತದೆ. ದುರ್ಲಭವಾಗುತ್ತಿರುವುದು ಬಿಡಿಭಾಗವಲ್ಲ, ಅದನ್ನು ಜೋಡಿಸಬಲ್ಲ ಕೈ.

ಬಹುಮಂದಿ ಮೊದಲು ಇಂಜಿನ್ನನ್ನು ನೋಡುತ್ತಾರೆ. ನಾವೂ ಹಾಗೆಯೇ ಮಾಡಿದೆವು, ಅದು ತಪ್ಪು. ಲಾರಿ, ಜೀಪುಗಳಿಗಿರುವಂತೆ ಈ ಕಾರಿಗೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ಮೈಯ ತಗಡೇ ಇದರ ಎಲುಬು. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂತಹ ತೊಲೆ, ಕಾಲಿಡುವ ನೆಲಹಾಸು, ಹಿಂದಿನ ಕಮಾನುಪಟ್ಟಿಗಳು ಸೇರುವ ಸ್ಥಳ, ಇವು ತುಕ್ಕು ಹಿಡಿದರೆ ಮೇಲಿನ ಹೊಳಪಿಗೆ ಅರ್ಥವಿಲ್ಲ.

2019ರಲ್ಲಿ ಮನೆಯಲ್ಲಿ ಮದುವೆಯಿತ್ತು. ಅಣ್ಣನವರ ಕಾರು ಬಾಗಿಲಲ್ಲಿ ನಿಲ್ಲಬೇಕೆಂಬ ಆಸೆಯಿಂದ ತಗಡುಕೆಲಸಕ್ಕೂ ಬಣ್ಣಕ್ಕೂ 85,000 ರೂಪಾಯಿ ತೆತ್ತೆವು. ಕಾರು ಹೊಸದರಂತೆ ಬಂದಿತು. ಏಳು ತಿಂಗಳ ತರುವಾಯ ಅತ್ತಿಗೆಯವರನ್ನು ಕರೆದುಕೊಂಡು ಹಾವೇರಿಯ ಕಡೆಗೆ ಹೊರಟಾಗ ಶಿಗ್ಗಾವಿಯ ಹತ್ತಿರ ಗಾಲಿ ಪಂಕ್ಚರ್ ಆಯಿತು. ಜಾಕ್ ಏರಿಸುತ್ತಿದ್ದಂತೆ ಕಾರು ಮೇಲೇಳಲಿಲ್ಲ, ಜಾಕ್ ಬಾಗಿಲ ಕೆಳಗಿನ ತೊಲೆಯೊಳಗೇ ಹಪ್ಪಳ ಮುರಿದಂತೆ ನುಗ್ಗಿತು. ಒಳಗಿದ್ದದ್ದು ತುಕ್ಕಿನ ಪುಡಿ, ಅದರ ಮೇಲೆ ಮೆತ್ತಿದ ಪುಟ್ಟಿ, ಅದರ ಮೇಲೆ ನಾವು ಹಣ ಕೊಟ್ಟ ಬಣ್ಣ. ಆ ಕೆಲಸದ ಮನೆಯವರ ಹೆಸರು ಹೇಳುವುದು ಉಚಿತವಲ್ಲ. ಕೆಳಗೆ ಬಗ್ಗಿ ನೋಡದ ದೋಷ ನಮ್ಮದೂ ಅಹುದು. ಅತ್ತಿಗೆಯವರು ರಸ್ತೆಯ ಬದಿಯಲ್ಲಿ ಕುಳಿತು ಅದನ್ನು ನೋಡಿದರು. "ತಮ್ಮಾ, ಮಾರೂದಾದ್ರ ಮಾರು, ನಾ ಬ್ಯಾಡ ಅನ್ನೂದಿಲ್ಲ. ಮಂದಿನ್ನ ಕೂಡ್ರಿಸೂದಾದ್ರ ಮಾತ್ರ ಗಟ್ಟಿ ಮಾಡ್ಸು" ಎಂದರು. ಬೇರೊಬ್ಬ ಮೇಸ್ತ್ರಿಯವರು ಎರಡೂ ಬದಿಯ ತೊಲೆಗಳನ್ನೂ ನೆಲಹಾಸನ್ನೂ ಕತ್ತರಿಸಿ ಹೊಸ ತಗಡು ಬೆಸೆದರು: 62,000. ಕೆಟ್ಟ ಬಣ್ಣವನ್ನು ಮತ್ತೆ ಬಳಿಯಲು 18,000. ಕ್ರಮ ತಿಳಿದು ನಡೆದಿದ್ದರೆ ಈ ಕೊನೆಯ ಹದಿನೆಂಟು ಸಾವಿರವಾದರೂ ಉಳಿಯುತ್ತಿತ್ತು. ಆದ್ದರಿಂದ ಕಾರನ್ನು ಎತ್ತಿ ನಿಲ್ಲಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಕೆಳಭಾಗವನ್ನು ಒತ್ತಿ ಒತ್ತಿ ನೋಡದೆ ಯಾರೂ ಬಣ್ಣಕ್ಕೆ ಮುಂಗಡ ಕೊಡಬಾರದು.

ಎರಡನೆಯದು ಬ್ರೇಕು. ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕುಗಳೇ. ಎಣ್ಣೆಯ ಮಾರ್ಗವೂ ಒಂದೇ. ಎಲ್ಲಿಯಾದರೂ ಒಂದು ರಬ್ಬರ್ ಬಟ್ಟಲು ಸೋರಿದರೆ ಪೆಡಲು ನೆಲ ಮುಟ್ಟುತ್ತದೆ, ನಾಲ್ಕು ಗಾಲಿಗಳೂ ಒಮ್ಮೆಗೇ ಕೈಬಿಡುತ್ತವೆ. ಆಗ ಉಳಿಯುವುದು ಹಿಂದಿನ ಗಾಲಿಗಳನ್ನು ತಂತಿಯಿಂದ ಹಿಡಿಯುವ ಕೈಬ್ರೇಕು ಮಾತ್ರ. ಮಾಸ್ಟರ್ ಸಿಲಿಂಡರ್, ಗಾಲಿಯ ಸಿಲಿಂಡರುಗಳು, ಮೆದು ಕೊಳವೆಗಳು ಎಲ್ಲವನ್ನೂ ಒಟ್ಟಿಗೆ ಬದಲಿಸಲು ನಮಗೆ ತಗಲಿದ್ದು 9,400. ಇದರಲ್ಲಿ ಕಂಜೂಸುತನ ಕೂಡದು. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕು ಅಂಗಳದಲ್ಲಿ ಹಿಡಿದರೂ ಅದನ್ನು ನಂಬಿ ಘಟ್ಟ ಇಳಿಯಬೇಡಿ.

ಮುಂದಿನ ಗಾಲಿಗಳು ನಡುಗುವುದು, ಸ್ಟೀರಿಂಗು ಭಾರವಾಗುವುದು ಇದರ ಹುಟ್ಟುಗುಣವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕಿಂಗ್‌ಪಿನ್ನಿನ ಸುತ್ತಲಿನ ಜೋಡಣೆಗಳಿಗೆ ಗ್ರೀಸು ಕಾಣಿಸದಿದ್ದರೆ ಅವು ಸವೆಯುತ್ತವೆ. ನಾವು 1,500 ಕಿಲೊಮೀಟರಿಗೊಮ್ಮೆ ಗ್ರೀಸು ಹೊಡೆಸುತ್ತೇವೆ, ಖರ್ಚು ಒಂದು ಊಟದಷ್ಟು. ಹೊಡೆಸದೆ ಬಿಟ್ಟ ಕಾಲದಲ್ಲಿ ಎರಡೂ ಬದಿಯ ಸೆಟ್ಟು ಬದಲಿಸಲು 6,800 ಆಗಿತ್ತು.

ಇನ್ನು ಇಂಜಿನ್. 1489 ಸಿಸಿಯ ಹಳೆಯ ಪೆಟ್ರೋಲ್ ಇಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಆ ಸೀಸವು ವಾಲ್ವು ಕೂರುವ ಅಂಚುಗಳಿಗೆ ಒಂದು ಬಗೆಯ ಲೇಪನವಾಗಿ ಅವು ಸವೆಯದಂತೆ ಕಾಯುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ಗಾಳಿಗೆ ಒಳಿತಾಯಿತು, ಈ ಇಂಜಿನ್ನಿನ ಅಂಚುಗಳಿಗೆ ಕಷ್ಟವಾಯಿತು. ಟ್ಯಾಪೆಟ್ಟಿನ ಸಂದು ಪದೇ ಪದೇ ಕಡಿಮೆಯಾಗುತ್ತಿದ್ದರೆ, ಬಿಸಿಯಾದಾಗ ಕಾರು ಸೊರಗಿದರೆ, ವಾಲ್ವು ಒಳಗಿಳಿಯುತ್ತಿದೆ ಎಂದರ್ಥ. ಲೇಥಿನ ಅಂಗಡಿಯಲ್ಲಿ ಗಡಸು ಲೋಹದ ಉಂಗುರಗಳನ್ನು ಕೂರಿಸಿದರೆ ತೊಂದರೆ ತೀರುತ್ತದೆ. ಹೆಡ್ಡು ಇಳಿಸಿ ಏರಿಸುವ ಕೂಲಿಯೂ ಸೇರಿ ನಮಗೆ 14,500 ಆಯಿತು. ಈಗ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯುತ್ತಿದೆ. ಹಳೆಯ ರಬ್ಬರಿಗೆ ಅದು ಒಗ್ಗದು. ಪೆಟ್ರೋಲಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ; ಎರಡು ಸಾವಿರದೊಳಗೆ ಮುಗಿಯುವ ಕೆಲಸ, ಬಿಟ್ಟರೆ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವ ಭಯ. ಬೇಸಿಗೆಯಲ್ಲಿ ಏರು ಹತ್ತುವಾಗ ಪೆಟ್ರೋಲು ಆವಿಯಾಗಿ ಕಾರು ನಿಂತರೆ ಗಾಬರಿ ಬೇಡ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ಮಾತನಾಡುತ್ತ ಕುಳಿತರಾಯಿತು.

ಕಾಗದಪತ್ರದ ಖರ್ಚನ್ನು ಮರೆಯುವಂತಿಲ್ಲ. ಹದಿನೈದು ವರ್ಷ ಕಳೆದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು; 2025ರ ಆಗಸ್ಟಿನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000. ಐವತ್ತು ವರ್ಷ ತುಂಬಿದರೆ ವಿಂಟೇಜ್ ವಾಹನವೆಂದು ನೋಂದಾಯಿಸಬಹುದು, ಆದರೆ ಆಮೇಲೆ ದಿನಬಳಕೆಗೆ ತರುವಂತಿಲ್ಲ. ನಮ್ಮದಕ್ಕೆ ಆ ವಯಸ್ಸು 2034ಕ್ಕೆ.

ಕಳೆದ ತಿಂಗಳು ವಹಿಯನ್ನು ಕೂಡಿಸಿ ಅಣ್ಣನವರ ಮಗನ ಮುಂದಿಟ್ಟೆವು. ಆತ ಮೊತ್ತವನ್ನು ಎರಡು ಸಲ ನೋಡಿದ. ಈ ಹಣಕ್ಕೆ ಓಡುವ ಅಂಬಾಸಿಡರ್ ಇನ್ನೊಂದು ಬರುತ್ತಿತ್ತಲ್ಲ ಕಾಕಾ, ಎಂದ. ಬರುತ್ತಿತ್ತು ಎಂದೆವು. ಆತ ವಹಿಯನ್ನು ಮುಚ್ಚಿ, ಬೀಗದ ಕೈ ತೆಗೆದುಕೊಂಡು, ತಾಯಿಯನ್ನು ಸಂತೆಗೆ ಕರೆದೊಯ್ಯಲು ಹೊರಟ.