ಚೊಚ್ಚಲ ಬೇನೆ: ಯಾವಾಗ ಹೊರಡಬೇಕು?

'ಬ್ಯಾನಿ ಬಂದದ್ದು ಹ್ಯಾಂಗ ಗೊತ್ತಾಗ್ತದವ್ವಾ?' ಚೊಚ್ಚಲ ಹೆರಿಗೆಗೆಂದು ಸೇಡಂ, ಚಿತ್ತಾಪುರದ ತವರಿಗೆ ಬಂದ ಮಗಳು ತಾಯಿಯನ್ನು ಕೇಳುವ ಮಾತಿದು.

ಸುಳ್ಳು ಬೇನೆ ಬಂದು ಹೋಗುತ್ತದೆ. ಅಡ್ಡಾಡಿದರೆ, ಮಲಗಿದರೆ ತಗ್ಗುತ್ತದೆ. ನಿಜವಾದ ಬೇನೆ ಹೆಚ್ಚಾಗಿ ಸೊಂಟದಿಂದ ಹೊಟ್ಟೆಗಿಳಿದು, ಬರಬರುತ್ತ ಬಿಗಿಯಾಗುತ್ತದೆ. ರಕ್ತ ಬೆರೆತ ಲೋಳೆಯೂ ಹೋಗಬಹುದು. 'ಚೊಚ್ಚಲು, ತಡ ಆಗ್ತದ' ಎಂದು ಹಿರಿಯರು ಹೇಳುವುದು ಸುಳ್ಳಲ್ಲ. 12 ಗಂಟೆ ಹಿಡಿದರೂ ಗಾಬರಿ ಬೇಡ. ನೀರು, ಗಂಜಿ ಕೊಡಿ, ಅಡ್ಡಾಡಲಿ.

5 ನಿಮಿಷಕ್ಕೊಮ್ಮೆ ಬೇನೆ ಬಂದಾಗ ಆಸ್ಪತ್ರೆಗೆ ಹೊರಡಿ ಎಂಬುದು ಪಟ್ಟಣದ ಲೆಕ್ಕ. ರೈಲು ದಾರಿಯ ಮೇಲಿರುವ ವಾಡಿ, ಶಹಾಬಾದಗಳಲ್ಲಿ ಅದು ನಡೆದೀತು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ತಾಂಡಾದವರು ಅಷ್ಟು ಕಾಯಬಾರದು. ಬೇನೆಗೆ ಒಂದು ಲಯ ಬಂದ ಕೂಡಲೇ 108ಕ್ಕೆ ಫೋನ್ ಮಾಡಬೇಕು. ನೀರು ಹೋದರೆ, ರಕ್ತ ಸುರಿದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಯಾರೂ ಬೇನೆಗಾಗಿ ಕಾಯಬಾರದು.

ಬೇನೆ ಜೋರಾಗಲೆಂದು ಮನೆಯಲ್ಲೇ ಸೂಜಿ ಹಾಕಿಸುವವರುಂಟು. ಇದು ಮಾತ್ರ ಬೇಡವೇ ಬೇಡ! ಗರ್ಭಕೋಶ ಹರಿದೀತು, ಕೂಸಿಗೆ ಉಸಿರು ಸಾಲದಾದೀತು.

ತಾಯಿ ಕಾರ್ಡು, ಒಗೆದ ಹತ್ತಿ ಬಟ್ಟೆಯ ಗಂಟನ್ನು ಎಂಟು ತಿಂಗಳಿಗೇ ಕಟ್ಟಿಡಿ. ಜೊತೆಗೆ ಯಾರು ಹೋಗುವುದೆಂದು ಮಗಳನ್ನೇ ಕೇಳಿ.