ಆಟಕ್ಕೆ ಬೀಗ, ಅಭಿಮಾನಕ್ಕೆ ರಜೆಯಿಲ್ಲ

2002ರ ಆಗಸ್ಟ್ ತಿಂಗಳ ಕೊನೆಯ ವಾರ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಲ್ಲಿ ಬೆಳಗಿನ ಕಾಫಿಯೊಂದಿಗೆ ಪತ್ರಿಕೆ ಬಿಡಿಸಿದವರಿಗೆ ಎರಡು ಬಗೆಯ ಕ್ರಿಕೆಟ್ ಸುದ್ದಿ ಕಾಣುತ್ತಿತ್ತು. ಒಂದು, ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ ಭಾರತ ಒಂದು ಇನಿಂಗ್ಸ್ ಮತ್ತು 46 ರನ್ನುಗಳಿಂದ ಗೆದ್ದದ್ದು. ರಾಹುಲ್ ದ್ರಾವಿಡ್ 148 ರನ್ ಹೊಡೆದಿದ್ದರು, ಅನಿಲ್ ಕುಂಬ್ಳೆ ಏಳು ವಿಕೆಟ್ ಕಿತ್ತಿದ್ದರು. ಇನ್ನೊಂದು, ಅದೇ ಆಟಗಾರರು ಮುಂದಿನ ತಿಂಗಳು ಶ್ರೀಲಂಕಾದಲ್ಲಿ ನಡೆಯಬೇಕಿದ್ದ ಚಾಂಪಿಯನ್ಸ್ ಟ್ರೋಫಿಯ ಕರಾರುಪತ್ರಕ್ಕೆ ಸಹಿ ಹಾಕಲು ಒಪ್ಪುತ್ತಿಲ್ಲ ಎಂಬುದು.

ಮೊದಲ ಸುದ್ದಿ ಓದಿ ಹಿಗ್ಗಿದವನೇ ಎರಡನೆಯದನ್ನು ಓದಿ ಹುಬ್ಬು ಗಂಟಿಕ್ಕುತ್ತಿದ್ದ. ಆಟಗಾರರಿಗೂ ಆಟ ನಡೆಸುವವರಿಗೂ ಹಣದ ಜಗಳ ಬಂದಾಗ ನಡುವೆ ಸಿಕ್ಕಿಕೊಳ್ಳುವವನು ಅಭಿಮಾನಿ. ಕರಾರುಪತ್ರದಲ್ಲಿ ಅವನ ಹೆಸರಿರುವುದಿಲ್ಲ. ಮಾತುಕತೆಯ ಮೇಜಿನಲ್ಲಿ ಅವನಿಗೆ ಕುರ್ಚಿ ಇರುವುದಿಲ್ಲ. ಆದರೆ ಎರಡೂ ಕಡೆಯವರು ಹಂಚಿಕೊಳ್ಳಲು ಹೊರಟಿರುವ ಹಣ ಕೊನೆಗೆ ಬರುವುದು ಅವನ ಕಿಸೆಯಿಂದ ಮತ್ತು ಟಿವಿಯ ಮುಂದೆ ಅವನು ಕಳೆಯುವ ಹೊತ್ತಿನಿಂದ. ಇಂಥ ಜಗಳ ಮುಗಿದ ಮೇಲೆ ಅವನು ಏನು ಮಾಡುತ್ತಾನೆ? ಮುನಿದು ದೂರ ಹೋಗುತ್ತಾನೆಯೇ, ಮರೆತು ಮರಳುತ್ತಾನೆಯೇ?

ಜಗಳ ಏತಕ್ಕೆ?

2002ರ ವಿವಾದದ ಮೂಲ ಜಾಹೀರಾತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ತನ್ನ ಪಂದ್ಯಾವಳಿಗಳ ವಾಣಿಜ್ಯ ಹಕ್ಕುಗಳನ್ನು 55 ಕೋಟಿ ಡಾಲರಿಗೆ ಮಾರಿತ್ತು. ಪ್ರಾಯೋಜಕ ಕಂಪೆನಿಗಳ ಹಿತ ಕಾಯಲು ಅದು ಆಟಗಾರರಿಗೆ ಒಂದು ಷರತ್ತು ಹಾಕಿತು. ಪಂದ್ಯಾವಳಿ ನಡೆಯುವಾಗ, ಅದಕ್ಕೆ ಮೊದಲು 30 ದಿನ, ಮುಗಿದ ಮೇಲೆ 30 ದಿನ, ಪ್ರತಿಸ್ಪರ್ಧಿ ಕಂಪೆನಿಗಳ ಜಾಹೀರಾತಿನಲ್ಲಿ ಯಾವ ಆಟಗಾರನೂ ಕಾಣಿಸಿಕೊಳ್ಳಬಾರದು. ಬೇರೆ ದೇಶಗಳ ಆಟಗಾರರಿಗಿಂತ ಜಾಹೀರಾತಿನ ಆದಾಯ ಹೆಚ್ಚಿದ್ದ ಭಾರತೀಯರಿಗೆ ಇದರ ಬಿಸಿ ಹೆಚ್ಚು ತಟ್ಟಿತು. ತಾವು ಮೊದಲೇ ಮಾಡಿಕೊಂಡ ಒಪ್ಪಂದಗಳನ್ನು ಮುರಿಯುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ನಿರ್ಬಂಧದ ಅವಧಿಯನ್ನು ಕಡಿಮೆ ಮಾಡಿ ರಾಜಿಯಾಯಿತು, ತಂಡ ಕೊಲಂಬೊಗೆ ಹೋಯಿತು. ಫೈನಲ್ ಎರಡು ದಿನವೂ ಮಳೆಯಲ್ಲಿ ಕೊಚ್ಚಿಹೋಗಿ ಭಾರತ, ಶ್ರೀಲಂಕಾ ಜಂಟಿಯಾಗಿ ಪ್ರಶಸ್ತಿ ಪಡೆದವು.

ಬೆಂಗಳೂರಿನ ಮಟ್ಟಿಗೆ ಇದು ದೂರದ ಜಗಳವಾಗಿರಲಿಲ್ಲ. ಆಟಗಾರರ ಪರವಾಗಿ ಮಂಡಳಿಯೊಂದಿಗೆ ಮಾತಿಗೆ ನಿಂತವರಲ್ಲಿ ಕುಂಬ್ಳೆಯೂ ಇದ್ದರು, ದ್ರಾವಿಡ್ ಕೂಡ ಇದ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದ ಕುಂಬ್ಳೆ ಆ ಬಡಾವಣೆಯವರಿಗೆ ‘ನಮ್ಮ ಹುಡುಗ’. ಹಾಗಾಗಿ ‘ಇವರಿಗೆ ಇನ್ನೂ ಎಷ್ಟು ದುಡ್ಡು ಬೇಕಂತೆ?’ ಎಂದು ಗೊಣಗುವವರಿಗೆ ‘ಕುಂಬ್ಳೆ ಸುಮ್ಮಸುಮ್ಮನೆ ಹಟ ಮಾಡುವವನಲ್ಲ’ ಎಂಬ ಉತ್ತರವೂ ಸಿದ್ಧವಾಗಿತ್ತು.

ಆ ಮಾತುಕತೆಗಳಿಗೆ ಫಲವೂ ಸಿಕ್ಕಿತು. 2004ರ ಕೊನೆಯಲ್ಲಿ ಭಾರತದ ಆಟಗಾರರಿಗೆ ಮೊದಲ ಬಾರಿಗೆ ಶ್ರೇಣಿವಾರು ವಾರ್ಷಿಕ ಗುತ್ತಿಗೆ ಜಾರಿಗೆ ಬಂತು. ಮೊದಲ ಶ್ರೇಣಿಗೆ 50 ಲಕ್ಷ, ಎರಡನೆಯದಕ್ಕೆ 35 ಲಕ್ಷ, ಮೂರನೆಯದಕ್ಕೆ 20 ಲಕ್ಷ ರೂಪಾಯಿ. ಗಾಯಗೊಂಡು ಮನೆಯಲ್ಲಿ ಕುಳಿತರೂ ಆಟಗಾರನಿಗೆ ಒಂದು ನಿಶ್ಚಿತ ವರಮಾನ ಇರಬೇಕೆಂಬುದು ಇದರ ಹಿಂದಿನ ತರ್ಕ.

ಕಾರ್ಖಾನೆಯ ಮುಷ್ಕರ, ಮೈದಾನದ ಮುಷ್ಕರ

ಮುಷ್ಕರ ಈ ಊರಿಗೆ ಹೊಸದಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ ಮೊದಲಾದ ಸಾರ್ವಜನಿಕ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದ್ದರು. ಕಾರ್ಮಿಕ ಬೀದಿಗಿಳಿದರೆ ಅದರ ಹಿಂದೆ ಬಾಡಿಗೆ, ಶಾಲೆಯ ಶುಲ್ಕ, ದಿನಸಿ ಅಂಗಡಿಯ ಲೆಕ್ಕ ಇರುತ್ತದೆಂಬುದು ಇಲ್ಲಿನ ಬಹಳ ಮಂದಿಗೆ ಸ್ವಂತ ಅನುಭವದಿಂದಲೇ ಗೊತ್ತು.

ಆದರೆ ಅದೇ ಸಹಾನುಭೂತಿ ಆಟಗಾರನಿಗೆ ಸುಲಭವಾಗಿ ಸಿಗುವುದಿಲ್ಲ. ಜಿ.ಆರ್. ವಿಶ್ವನಾಥ್ ಅವರ ಕಾಲದಲ್ಲಿ ಆಟಗಾರನ ಹೊಟ್ಟೆಪಾಡಿಗೆ ಒಂದು ಉದ್ಯೋಗವಿರುತ್ತಿತ್ತು. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದರು. ಬ್ಯಾಂಕಿನ ನೌಕರ ಬಿಡುವು ಪಡೆದು ದೇಶಕ್ಕೆ ಆಡುತ್ತಾನೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ನಿಂತಿತ್ತು. ಆಟವೇ ಉದ್ಯೋಗವಾದ ಮೇಲೂ ಆ ಚಿತ್ರ ಪೂರ್ತಿ ಅಳಿಸಿಲ್ಲ. ಆದ್ದರಿಂದಲೇ ಆಟಗಾರ ಹಣ ಕೇಳಿದರೆ ದುರಾಸೆಯಂತೆ ಕಾಣುತ್ತದೆ, ಮಂಡಳಿಯೋ ಮಾಲೀಕನೋ ಹಣ ಮಾಡಿದರೆ ವ್ಯವಹಾರದಂತೆ ಕಾಣುತ್ತದೆ. ಆಟಗಾರನ ಮುಖ ಎಲ್ಲರಿಗೂ ಗೊತ್ತು, ಲೆಕ್ಕಪುಸ್ತಕ ಇಟ್ಟವರ ಮುಖ ಹೆಚ್ಚಿನವರಿಗೆ ಗೊತ್ತಿಲ್ಲ. ಸಿಟ್ಟು ಗೊತ್ತಿರುವ ಮುಖದ ಮೇಲೆಯೇ ಇಳಿಯುತ್ತದೆ.

ಪ್ಯಾಕರ್ ಜಗಳ, ಚಂದ್ರನ ಲಾಭ

ಇಂಥ ಜಗಳದಿಂದ ಬೆಂಗಳೂರಿನ ಅಭಿಮಾನಿ ಸಂತೋಷಪಟ್ಟ ಸಂದರ್ಭವೂ ಒಂದಿದೆ. 1977ರಲ್ಲಿ ಆಸ್ಟ್ರೇಲಿಯಾದ ಟಿವಿ ಉದ್ಯಮಿ ಕೆರ್ರಿ ಪ್ಯಾಕರ್ ದೊಡ್ಡ ಸಂಭಾವನೆ ಕೊಟ್ಟು ಜಗತ್ತಿನ ಹೆಸರಾಂತ ಆಟಗಾರರನ್ನು ತನ್ನ ಸ್ವಂತ ಸರಣಿಗೆ ಕರೆದೊಯ್ದ. ಆಟಗಾರರು ಹೋದದ್ದಕ್ಕೆ ಮುಖ್ಯ ಕಾರಣ, ಮಂಡಳಿ ಕೊಡುತ್ತಿದ್ದ ಸಂಬಳ ತೀರ ಕಡಿಮೆ ಎಂಬ ಅಸಮಾಧಾನ. ಬರಿದಾದ ಆಸ್ಟ್ರೇಲಿಯಾ ತಂಡಕ್ಕೆ ನಿವೃತ್ತರಾಗಿದ್ದ ಬಾಬ್ ಸಿಂಪ್ಸನ್ 41ನೇ ವಯಸ್ಸಿನಲ್ಲಿ ಮರಳಿ ನಾಯಕರಾದರು. ಎದುರಿಗೆ ಬಂದದ್ದು ಬಿಷನ್ ಸಿಂಗ್ ಬೇಡಿ ನಾಯಕತ್ವದ ಭಾರತ. ಆ ತಂಡದಲ್ಲಿ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ನಾಲ್ವರೂ ಕರ್ನಾಟಕದವರು.

ನಸುಕಿನಲ್ಲೇ ಎದ್ದು ರೇಡಿಯೊ ತಿರುಗಿಸಿ ಆಸ್ಟ್ರೇಲಿಯಾದ ವೀಕ್ಷಕ ವಿವರಣೆಗೆ ಕಿವಿಗೊಟ್ಟವರಿಗೆ ಮೆಲ್ಬರ್ನ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ ಆರು ವಿಕೆಟ್ ಪಡೆದ ಸುದ್ದಿ ಸಿಕ್ಕಿತು. ಅದು ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಎದುರಾಳಿ ತಂಡ ದುರ್ಬಲವಾಗಿತ್ತು ಎಂಬ ಮಾತು ಆ ದಿನದ ಹಿಗ್ಗನ್ನು ಕಡಿಮೆ ಮಾಡಲಿಲ್ಲ. ಸರಣಿ 3–2ರಲ್ಲಿ ಆಸ್ಟ್ರೇಲಿಯಾದ ಪಾಲಾದರೂ ಕೊನೆಯ ಟೆಸ್ಟ್‌ವರೆಗೆ ಕುತೂಹಲ ಉಳಿದಿತ್ತು.

ಇತ್ತ ಪ್ಯಾಕರ್‌ನ ತಾರಾ ಆಟಗಾರರು ಮೊದಲ ವರ್ಷ ಬಹುತೇಕ ಖಾಲಿ ಗ್ಯಾಲರಿಗಳ ಮುಂದೆ ಆಡಿದರು. ದೇಶದ ಹೆಸರಿಲ್ಲದ ಆಟಕ್ಕೆ ಜನ ಬರಲಿಲ್ಲ. ಆದರೆ ಮರುವರ್ಷ, 1978ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಹೊನಲು ಬೆಳಕಿನ ಪಂದ್ಯ ನಡೆದಾಗ 44 ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. 1979ರಲ್ಲಿ ಎರಡೂ ಕಡೆಗೆ ರಾಜಿಯಾಯಿತು. ಜಗಳ ಹೂಡಿದವನು ತಂದ ದೀಪವನ್ನೂ ಬಣ್ಣದ ಅಂಗಿಯನ್ನೂ ಕ್ರಿಕೆಟ್ ತನ್ನದಾಗಿಸಿಕೊಂಡಿತು.

ಮರಳಿದವರು, ಮರಳದವರು

ಅಭಿಮಾನಿಯ ಸಿಟ್ಟನ್ನು ಅಳೆದು ನೋಡಲು ಸಿಗುವ ದೊಡ್ಡ ಉದಾಹರಣೆ ಅಮೆರಿಕದ ಬೇಸ್‌ಬಾಲ್. ಅಲ್ಲಿನ ವೃತ್ತಿಪರ ಆಟಗಾರರು 1994ರ ಆಗಸ್ಟ್ 12ರಂದು ಮುಷ್ಕರ ಹೂಡಿದರು. ಅದು 232 ದಿನ ನಡೆಯಿತು. 1905ರಿಂದ ಎರಡು ಮಹಾಯುದ್ಧಗಳ ಕಾಲದಲ್ಲೂ ನಿಲ್ಲದ ‘ವರ್ಲ್ಡ್ ಸೀರೀಸ್’ ಆ ವರ್ಷ ರದ್ದಾಯಿತು. 1995ರಲ್ಲಿ ಆಟ ಮರಳಿ ಶುರುವಾದಾಗ ನ್ಯೂಯಾರ್ಕ್‌ನಲ್ಲಿ ಮೂವರು ಅಭಿಮಾನಿಗಳು ‘ದುರಾಸೆ’ ಎಂದು ಬರೆದ ಅಂಗಿ ತೊಟ್ಟು ಮೈದಾನಕ್ಕೆ ನುಗ್ಗಿ ಆಟಗಾರರತ್ತ ಡಾಲರ್ ನೋಟುಗಳನ್ನು ಎರಚಿದರು. ಆ ವರ್ಷ ಪ್ರೇಕ್ಷಕರ ಸರಾಸರಿ ಸಂಖ್ಯೆ ಸುಮಾರು ಐದನೇ ಒಂದರಷ್ಟು ಕುಸಿಯಿತು.

ಆದರೆ ಅದೇ ವರ್ಷ ಸೆಪ್ಟೆಂಬರ್ 6ರಂದು ಬಾಲ್ಟಿಮೋರ್‌ನ ಕ್ಯಾಲ್ ರಿಪ್ಕೆನ್ ಒಂದು ದಿನವೂ ತಪ್ಪದೆ ಸತತ 2,131ನೇ ಪಂದ್ಯ ಆಡಿ ಹಳೆಯ ದಾಖಲೆ ಮುರಿದಾಗ ಕ್ರೀಡಾಂಗಣ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಎದ್ದುನಿಂತು ಚಪ್ಪಾಳೆ ತಟ್ಟಿತು. ದಿನವೂ ತಪ್ಪದೆ ಕೆಲಸಕ್ಕೆ ಬಂದವನಲ್ಲಿ ಜನ ತಮ್ಮನ್ನೇ ಕಂಡುಕೊಂಡರು. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಂತೂ ಮಾಲೀಕರೇ ಬೀಗ ಹಾಕಿ 2004–05ರ ಇಡೀ ಋತು ಹಾಳಾಯಿತು. ಮರುವರ್ಷ ಪ್ರೇಕ್ಷಕರ ಸಂಖ್ಯೆ ದಾಖಲೆಯ ಮಟ್ಟಕ್ಕೆ ಏರಿತು.

ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. 1994ರಲ್ಲಿ ಮುಷ್ಕರ ಆರಂಭವಾದಾಗ ಕೆನಡಾದ ಮಾಂಟ್ರಿಯಲ್ ತಂಡ ಇಡೀ ಲೀಗಿನಲ್ಲೇ ಮುಂದಿತ್ತು. ಆಟ ನಿಂತಿತು, ಮರುವರ್ಷ ತಂಡದ ಒಳ್ಳೆಯ ಆಟಗಾರರನ್ನು ಬಿಟ್ಟುಕೊಡಲಾಯಿತು, ಜನ ಕಡಿಮೆಯಾದರು. 2004ರ ನಂತರ ತಂಡವೇ ವಾಷಿಂಗ್ಟನ್‌ಗೆ ಎದ್ದುಹೋಯಿತು. ಮುನಿಸು ತೀರಿ ಮರಳಲು ಅಲ್ಲಿನ ಅಭಿಮಾನಿಗೆ ಮನೆಯೇ ಉಳಿಯಲಿಲ್ಲ.

ಬಂಡಾಯಗಾರನಿಗೆ ಕ್ಷಮೆ

ಕ್ರಿಕೆಟ್ ಪ್ರೇಮಿ ಎಷ್ಟು ಬೇಗ ಮರೆಯುತ್ತಾನೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. 2007ರಲ್ಲಿ ಝೀ ಸಮೂಹ ಇಂಡಿಯನ್ ಕ್ರಿಕೆಟ್ ಲೀಗ್ ಆರಂಭಿಸಿದಾಗ ಭಾರತೀಯ ಮಂಡಳಿ ಅದರಲ್ಲಿ ಆಡಿದವರಿಗೆಲ್ಲ ಬಾಗಿಲು ಮುಚ್ಚಿತು. ಹಾಗೆ ಹೊರಗುಳಿದವರಲ್ಲಿ ಸ್ಟುವರ್ಟ್ ಬಿನ್ನಿ ಒಬ್ಬರು. 2009ರಲ್ಲಿ ಮಂಡಳಿ ಕ್ಷಮಾದಾನ ನೀಡಿದ ಮೇಲೆ ಅವರು ಕರ್ನಾಟಕಕ್ಕೆ ಮರಳಿದರು, 2013–14ರಲ್ಲಿ ರಣಜಿ ಟ್ರೋಫಿ ಗೆದ್ದ ತಂಡದಲ್ಲಿದ್ದರು. 2014ರ ಜೂನ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಕೇವಲ 4 ರನ್ನಿಗೆ 6 ವಿಕೆಟ್ ಪಡೆದು, 1993ರಿಂದ ಕುಂಬ್ಳೆಯ ಹೆಸರಿನಲ್ಲಿದ್ದ ಏಕದಿನ ಪಂದ್ಯಗಳ ಭಾರತೀಯ ದಾಖಲೆಯನ್ನು ಮುರಿದರು. ಆ ದಿನ ‘ಬಂಡಾಯ ಲೀಗ್’ ನೆನಪು ಯಾರಿಗೂ ಬೇಕಾಗಿರಲಿಲ್ಲ.

ಅಭಿಮಾನಿ ನಿಜವಾಗಿ ಕೆರಳುವುದು ಕರಾರಿಗಲ್ಲ, ಸೋಲಿಗೆ. 2003ರ ವಿಶ್ವಕಪ್‌ಗೆ ಮುನ್ನ ಜಾಹೀರಾತಿನ ವಿವಾದ ಮತ್ತೆ ತಲೆ ಎತ್ತಿತ್ತು. ಆಗ ಗೊಣಗಾಟವಷ್ಟೇ ಕೇಳಿಸಿತ್ತು. ಫೆಬ್ರವರಿ 15ರಂದು ಆಸ್ಟ್ರೇಲಿಯಾ ವಿರುದ್ಧ ತಂಡ 125 ರನ್ನಿಗೆ ಕುಸಿದಾಗ ದೇಶದ ಹಲವೆಡೆ ಪ್ರತಿಕೃತಿಗಳು ಉರಿದವು. ‘ಜಾಹೀರಾತಿನ ಮೇಲೆ ಗಮನ, ಆಟದ ಮೇಲಿಲ್ಲ’ ಎಂಬ ಆರೋಪ ಆಗ ಬಂತು. ನಂತರ ಸತತ ಎಂಟು ಪಂದ್ಯ ಗೆದ್ದು ತಂಡ ಫೈನಲ್ ಸೇರಿದಾಗ ಆ ಆರೋಪವೂ ಕರಗಿತು.

ಕಂಠೀರವದ ಪಾಠ

ಫುಟ್‌ಬಾಲ್ ಅಭಿಮಾನಿಗೆ ಇಷ್ಟು ನೆಮ್ಮದಿ ಇಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದ ಯುವಕರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಾದರು, ತಂಡದೊಂದಿಗೆ ಶ್ರೀ ಕಂಠೀರವ ಕ್ರೀಡಾಂಗಣಕ್ಕೂ ಬಂದರು.

2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುವ ಕಂಪೆನಿ ಮುಂದಿನ ಋತುವನ್ನು ತಡೆಹಿಡಿಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನೊಂದಿಗೆ ಅದು 2010ರಲ್ಲಿ ಮಾಡಿಕೊಂಡ 15 ವರ್ಷಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿತ್ತು, ಹೊಸದು ಆಗಿರಲಿಲ್ಲ. ಇದು ಆಟಗಾರರ ಮುಷ್ಕರವಲ್ಲ, ಮೇಲಿನವರ ವ್ಯವಹಾರದ ಬಿಕ್ಕಟ್ಟು. ಆದರೆ ಪೆಟ್ಟು ಬಿದ್ದದ್ದು ಕೆಲಸ ಮಾಡುವವರಿಗೆ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ನಡೆಯುವುದಾಗಿ ಪ್ರಕಟಿಸುವ ತನಕ ಆಟಗಾರನಿಗೂ ಅಭಿಮಾನಿಗೂ ಕಾಯುವುದೊಂದೇ ಕೆಲಸವಾಗಿತ್ತು.

ಇಲ್ಲಿ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಬೆಂಗಳೂರಿನದೇ ಎಚ್‌ಎಎಲ್ ತಂಡ 2011–12ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. ಕ್ರಿಕೆಟ್ ಪ್ರೇಮಿಗೆ ಮುನಿಸಿಕೊಳ್ಳುವ ಅವಕಾಶವಿದೆ, ಏಕೆಂದರೆ ಅವನ ತಂಡ ಎಲ್ಲಿಗೂ ಹೋಗುವುದಿಲ್ಲ. ಫುಟ್‌ಬಾಲ್ ಅಭಿಮಾನಿ ಮುನಿಸಿಕೊಂಡು ದೂರ ಉಳಿದರೆ ಗ್ಯಾಲರಿ ಖಾಲಿಯಾಗುತ್ತದೆ, ಖಾಲಿ ಗ್ಯಾಲರಿಯೇ ತಂಡ ಮುಚ್ಚಲು ಕಾರಣವಾಗುತ್ತದೆ. ಅವನ ಸಿಟ್ಟು ತಿರುಗಿ ಅವನಿಗೇ ತಟ್ಟುತ್ತದೆ.

ಏಕೆ ಮರಳುತ್ತಾನೆ?

ಒಂದು ಹೋಟೆಲಿನ ದೋಸೆ ಕೆಟ್ಟರೆ ಪಕ್ಕದ ಹೋಟೆಲಿಗೆ ಹೋಗಬಹುದು. ಕರ್ನಾಟಕ ತಂಡದ ಮೇಲೆ ಸಿಟ್ಟಾದವನು ತಮಿಳುನಾಡು ತಂಡದ ಅಭಿಮಾನಿಯಾಗುವುದಿಲ್ಲ. ಆಟಕ್ಕೆ ಬದಲಿ ಇಲ್ಲದಿರುವುದೇ ಅಭಿಮಾನಿಯ ದೌರ್ಬಲ್ಯ. ಎರಡೂ ಕಡೆಯವರು ನಿಶ್ಚಿಂತೆಯಿಂದ ಜಗಳವಾಡಲು ಧೈರ್ಯ ಕೊಡುವುದೂ ಅದೇ. ಆದರೆ ಈ ನಿಶ್ಚಿಂತೆಗೆ ಮಿತಿಯುಂಟು. ಹಳಬರು ಅಭ್ಯಾಸಬಲದಿಂದ ಮರಳುತ್ತಾರೆ. ಆ ವರ್ಷ ಮೊದಲ ಬಾರಿಗೆ ಅಪ್ಪನ ಕೈಹಿಡಿದು ಕ್ರೀಡಾಂಗಣಕ್ಕೆ ಬರಬೇಕಿದ್ದ ಹುಡುಗ ಬರದೇ ಹೋದರೆ, ಆ ನಷ್ಟ ಹತ್ತು ವರ್ಷದ ನಂತರವಷ್ಟೇ ಲೆಕ್ಕಕ್ಕೆ ಸಿಗುತ್ತದೆ.

ಭಾನುವಾರ ಬೆಳಿಗ್ಗೆ ನ್ಯಾಷನಲ್ ಕಾಲೇಜಿನ ಮೈದಾನದಲ್ಲೋ ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮೈದಾನದಲ್ಲೋ ಸುತ್ತಾಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಒಂದೇ ಅಂಗಳದಲ್ಲಿ ನಾಲ್ಕಾರು ಪಂದ್ಯಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಒಬ್ಬರ ಚೆಂಡು ಇನ್ನೊಬ್ಬರ ಪಿಚ್‌ಗೆ ಉರುಳಿದರೆ ಎತ್ತಿ ಎಸೆಯುತ್ತಾರೆ. ಅಲ್ಲಿ ಕರಾರಿಲ್ಲ, ಸಂಬಳವಿಲ್ಲ. ಔಟೋ ನಾಟೌಟೋ ಎಂಬ ಜಗಳವಂತೂ ತಪ್ಪದೆ ಇರುತ್ತದೆ, ಅದು ಮುಂದಿನ ಓವರಿನೊಳಗೆ ತೀರುತ್ತದೆ. ಕೋಟಿಗಳ ಲೀಗುಗಳು ಜಗಳವಾಡಿ ಮತ್ತೆ ಬಾಗಿಲು ತೆರೆದಾಗ ಒಳಗೆ ಬರುವ ಜನರನ್ನು ತಯಾರು ಮಾಡುವುದು ಈ ಮೈದಾನಗಳೇ. ಅವಕ್ಕೆ ಮಾತ್ರ ಯಾವ ಒಪ್ಪಂದದಲ್ಲೂ ಪಾಲಿಲ್ಲ.