ಯಂತ್ರ ನೀರು ತೋರಿಸೀತು, ರುಚಿ ತೋರಿಸದು

ಹುನಗುಂದ ಕಡೆಯ ನಮ್ಮ ಎರಿ ಹೊಲದಲ್ಲಿ ರೆಸಿಸ್ಟಿವಿಟಿ ಯಂತ್ರದ ರೀಡಿಂಗ್ ಒಂದು ಕಡೆ ಭಾಳ ಕಡಿಮೆ ಬಂತು. ಇಲ್ಲೇ ನೀರು ಅಂತ ಬೋರು ಕೊರೆಸಿದೆ. ನೀರೇನೋ ಬಂತು, ಬರೇ ಸವಳು. ಹಾಯಿಸಿದ ಮೆಣಸಿನ ಅಗಿ ಎಲೆತುದಿ ಸುಟ್ಟು ಒಣಗಿತು.

ತಪ್ಪು ಯಂತ್ರದ್ದಲ್ಲ. ಒಂದೇ ಸಾಲಿನಲ್ಲಿ ನಾಲ್ಕು ಸರಳು ಬಡಿದು, ಹೊರಗಿನೆರಡರಿಂದ ಕರೆಂಟ್ ಬಿಟ್ಟು, ಒಳಗಿನೆರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಸರಳು ದೂರ ಸರಿಸಿದಷ್ಟೂ ಆಳದ ಸುದ್ದಿ. ಇಳಕಲ್ಲಿನಂಥ ಗಟ್ಟಿ ಗ್ರಾನೈಟಿನಲ್ಲಿ ರೀಡಿಂಗ್ ಏರುತ್ತದೆ; ಬಿರುಕಿನಲ್ಲಿ ನೀರಿದ್ದರೆ ಇಳಿಯುತ್ತದೆ. ಜೇಡಿಮಣ್ಣಿಗೂ ಇಳಿಯುತ್ತದೆ, ಸವಳು ನೀರಿಗೆ ಇನ್ನೂ ಇಳಿಯುತ್ತದೆ.

ಕೊರೆಸುವ ಮೊದಲು ಸುತ್ತಲಿನ ಬೋರುಗಳ ನೀರು ಪರೀಕ್ಷೆ ಮಾಡಿಸಿ, ಅಲ್ಲಿಯ ರೀಡಿಂಗಿಗೆ ನಿಮ್ಮದನ್ನು ಹೋಲಿಸಿರಿ. ಫ್ಲೋರೈಡ್ ಅಂತೂ ಯಂತ್ರಕ್ಕೆ ಸಿಗದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ತಿಳಿಯಲು ಪ್ರಯೋಗಾಲಯವೇ ಗತಿ.